ನೆಲಹಾಸಿನ ಮೇಲೆ ನೌಕಾಯುದ್ಧ

ಮುಂಬಯಿ ಕನ್ನಡಿಗರ ಭಾನುವಾರ ಅಂದರೆ ಊರಿನವರ ಕಣ್ಣಲ್ಲಿ ಒಂದು ಚಿತ್ರ ಇದೆ. ಬೆಳಿಗ್ಗೆ ಮಾಟುಂಗದಲ್ಲಿ ಇಡ್ಲಿ, ಮಧ್ಯಾಹ್ನ ಸಂಘದ ಸಭೆ, ಸಂಜೆ ಯಕ್ಷಗಾನವೋ ತಾಳಮದ್ದಳೆಯೋ. ಅದು ಸುಳ್ಳೇನಲ್ಲ. ಆದರೆ ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ನಡೆಯುವುದು ನೌಕಾಯುದ್ಧ. ಅದೂ ಇಂದಿನದಲ್ಲ. ಹಬೆಯಂತ್ರ ಹೊತ್ತು, ಮೈಮೇಲೆ ಕಬ್ಬಿಣದ ಕವಚ ತೊಟ್ಟು ಹಡಗುಗಳು ಮೊದಲ ಬಾರಿಗೆ ಸಮುದ್ರಕ್ಕಿಳಿದ ಕಾಲದ್ದು. ಸೋಫಾವನ್ನು ಗೋಡೆಗೆ ಒತ್ತಿ, ನೆಲದ ಮೇಲೆ ನಕ್ಷೆ ಹಾಸಿ ನಾಲ್ಕು ಜನ ಕೂರುತ್ತೇವೆ. ಮರಾಠಿ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು, ಒಬ್ಬ ತಮಿಳು ಇಂಜಿನಿಯರ್, ಒಬ್ಬರು ಪಾರ್ಸಿ ಹಿರಿಯರು, ಮತ್ತೆ ಕುಂದಾಪುರ ಕಡೆಯ ಬ್ಯಾಂಕ್ ಗುಮಾಸ್ತನಾದ ನಾನು.

ಆಟ ಹೀಗೆ. ನಕ್ಷೆಯ ತುಂಬ ಆರು ಮೂಲೆಯ ಮನೆಗಳು. ಪ್ರತಿ ಹಡಗಿಗೂ ಒಂದು ಹಾಳೆ: ಕವಚ ಎಷ್ಟು ಇಂಚು ದಪ್ಪ, ಫಿರಂಗಿ ಎಷ್ಟು, ವೇಗ ಎಷ್ಟು, ತಿರುಗಿಕೊಳ್ಳಲು ಎಷ್ಟು ಮನೆ ಬೇಕು. ಯಾರು ಎಲ್ಲಿಗೆ ಸರಿಯುತ್ತಾರೆ ಅನ್ನುವುದನ್ನು ಇಬ್ಬರೂ ಗುಟ್ಟಾಗಿ ಬರೆದಿಟ್ಟು ಒಟ್ಟಿಗೇ ತೋರಿಸಬೇಕು. ಆಮೇಲೆ ದಾಳ. ಗುಂಡು ತಾಗಿತೇ, ಎಲ್ಲಿ ತಾಗಿತು, ಕವಚ ತೂರಿತೇ ಎಂಬುದನ್ನು ದಾಳ ಹೇಳುತ್ತದೆ. ಮೂಲ ಆಟ ಅಮೆರಿಕದ ಯಾಕ್ವಿಂಟೊ ಕಂಪನಿ 1979ರಲ್ಲಿ ತಂದ 'ಐರನ್‌ಕ್ಲ್ಯಾಡ್ಸ್'. ಪಾರ್ಸಿ ಹಿರಿಯರ ತಮ್ಮ ಅಲ್ಲಿಂದ ತಂದುಕೊಟ್ಟದ್ದು. ಪೆಟ್ಟಿಗೆ ಹರಿದು ಎಷ್ಟೋ ಕಾಲವಾಯಿತು. ಹಡಗಿನ ಚೀಟಿಗಳನ್ನು ನಾವೇ ಮದುವೆ ಕಾಗದದ ಹಿಂಬದಿಯಲ್ಲಿ ಹೊಸದಾಗಿ ಮಾಡಿಕೊಂಡಿದ್ದೇವೆ. ಅಮೆರಿಕದ ಅಂತರ್ಯುದ್ಧಕ್ಕೆಂದು ಬರೆದ ನಿಯಮಗಳನ್ನೇ ಹಿಗ್ಗಿಸಿ ಬೇರೆ ದೇಶಗಳ ಕದನಗಳನ್ನೂ ಆಡುತ್ತೇವೆ.

"ಇಷ್ಟು ವಯಸ್ಸಾಗಿ ಇದೆಂಥ ಆಟ?" ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಇದನ್ನು ಮೊದಲು ಆಡಿದವರು ಮಕ್ಕಳಲ್ಲ, ನೌಕಾಪಡೆಯ ಅಧಿಕಾರಿಗಳು. ಅದಕ್ಕೊಂದು ಕಾರಣ ಇತ್ತು. 1859ರಲ್ಲಿ ಫ್ರಾನ್ಸಿನ 'ಗ್ಲೊಯರ್', 1860ರಲ್ಲಿ ಇಂಗ್ಲೆಂಡಿನ 'ವಾರಿಯರ್' ನೀರಿಗಿಳಿದವು. ಅಲ್ಲಿಗೆ ಮರದ ಹಡಗಿನ ಕಾಲ ಮುಗಿಯಿತು. ಹಾಯಿಗೆ ಗಾಳಿ ಹಿಡಿದು ಕಾದಾಡುವ ನೂರಾರು ವರ್ಷಗಳ ವಿದ್ಯೆ ಹತ್ತೇ ವರ್ಷದಲ್ಲಿ ಬೆಲೆ ಕಳೆದುಕೊಂಡಿತು. ಹೊಸ ಹಡಗಿನಿಂದ ಹೇಗೆ ಯುದ್ಧ ಮಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ, ಯುದ್ಧಗಳೂ ಅಪರೂಪ. ಹಾಗಾಗಿ ಮೇಜಿನ ಮೇಲೆ ಆಡಿ ನೋಡಬೇಕಾಯಿತು. ಅಮೆರಿಕದ ನ್ಯೂಪೋರ್ಟಿನ ನೌಕಾ ಯುದ್ಧ ಕಾಲೇಜಿಗೆ 1880ರ ದಶಕದಲ್ಲಿ ಯುದ್ಧದಾಟ ತಂದವರು ಮೆಕಾರ್ಟಿ ಲಿಟ್ಲ್. 1898ರಲ್ಲಿ ಇಂಗ್ಲೆಂಡಿನ ಫ್ರೆಡ್ ಜೇನ್ ತನ್ನದೊಂದು ಆಟ ತಂದ. ಅದರಲ್ಲಿ ಗುಂಡು ಹಾರಿಸುವುದು ದಾಳದಿಂದಲ್ಲ. ಹಡಗಿನ ಚಿತ್ರವಿರುವ ಕಾಗದದ ಮೇಲೆ ಮೊಳೆಯಿರುವ ಪುಟ್ಟ ಹಲಗೆಯಿಂದ ಹೊಡೆಯಬೇಕು, ತೂತು ಬಿದ್ದಲ್ಲಿ ಗುಂಡು ಬಿದ್ದಂತೆ. ಮೊಳೆ ನಡುವಿನಲ್ಲಿ ಇರುವುದಿಲ್ಲ, ಆದ್ದರಿಂದ ಗುರಿ ಇಟ್ಟಲ್ಲೇ ಬೀಳುವ ಭರವಸೆಯೂ ಇಲ್ಲ. ಇಂದಿಗೂ ಜಗತ್ತಿನ ನೌಕಾಪಡೆಗಳು ತಿರುವಿ ನೋಡುವ 'ಜೇನ್ಸ್ ಫೈಟಿಂಗ್ ಶಿಪ್ಸ್' ಎಂಬ ವಾರ್ಷಿಕ ಕೋಶ ಶುರುವಾದದ್ದೂ ಅದೇ ವರ್ಷ, ಅದೇ ಮನುಷ್ಯನಿಂದ.

ನಾವು ಹೆಚ್ಚಾಗಿ ಆಡುವುದು ಹ್ಯಾಂಪ್ಟನ್ ರೋಡ್ಸ್ ಕದನ. 1862ರ ಮಾರ್ಚ್ 8ರಂದು ಅಮೆರಿಕದ ದಕ್ಷಿಣ ರಾಜ್ಯಗಳವರು, ಸುಟ್ಟು ಮುಳುಗಿದ್ದ 'ಮೆರಿಮ್ಯಾಕ್' ಹಡಗಿನ ಒಡಲ ಮೇಲೆ ಕಬ್ಬಿಣದ ಚಪ್ಪರ ಕಟ್ಟಿ, 'ವರ್ಜೀನಿಯಾ' ಅಂತ ಹೆಸರಿಟ್ಟು ಹೊರಟರು. ಅದು ಉತ್ತರದವರ ಮರದ ಹಡಗು 'ಕಂಬರ್‌ಲ್ಯಾಂಡ್'ಗೆ ಹಾಯ್ದು ಮುಳುಗಿಸಿತು, 'ಕಾಂಗ್ರೆಸ್'ಗೆ ಬೆಂಕಿ ಇಟ್ಟಿತು. ಒಂದೇ ಮಧ್ಯಾಹ್ನದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮರುದಿನ ಉತ್ತರದವರ 'ಮಾನಿಟರ್' ಬಂತು. ನೀರಿಗೆ ಸಮನಾದ ತಟ್ಟೆಯಂಥ ಮೈ, ಅದರ ಮೇಲೆ ತಿರುಗುವ ಒಂದು ಗೋಪುರ, ಅದರೊಳಗೆ ಎರಡು ಫಿರಂಗಿ. ಎರಡೂ ಸುಮಾರು ನಾಲ್ಕು ಗಂಟೆ ಹೊಡೆದಾಡಿದರೂ ಯಾರೂ ಗೆಲ್ಲಲಿಲ್ಲ.

ಆಟದಲ್ಲೂ ಹೀಗೇ. ಇಂಜಿನಿಯರ್ ದಾಳ ಉರುಳಿಸಿ ಉರುಳಿಸಿ ಬೇಜಾರಾಗುತ್ತಾನೆ, ಕವಚ ಒಡೆಯುವುದೇ ಇಲ್ಲ. ನಿಜ ಕದನದಲ್ಲಿ ಮಾನಿಟರ್‌ನ ಫಿರಂಗಿಗಳಿಗೆ 15 ಪೌಂಡಿಗಿಂತ ಹೆಚ್ಚು ಮದ್ದು ತುಂಬಬಾರದು ಅಂತ ಆಜ್ಞೆ ಇತ್ತು. ದುಪ್ಪಟ್ಟು ತುಂಬಿದರೆ ಏನಾಗುತ್ತಿತ್ತು ಅಂತ ನಾವು ಆಡಿ ನೋಡುತ್ತೇವೆ. ಆಗ ಕಥೆ ಬೇರೆಯಾಗುವುದುಂಟು. ಇತಿಹಾಸದ ಪುಸ್ತಕ ಆದದ್ದನ್ನು ಮಾತ್ರ ಹೇಳುತ್ತದೆ. ಆಟ ಆಗಬಹುದಾಗಿದ್ದ ಇನ್ನೂ ನಾಲ್ಕನ್ನು ಎದುರಿಗಿಡುತ್ತದೆ. ನನಗೆ ಇದರ ರುಚಿ ಹತ್ತಿದ್ದೇ ಅದಕ್ಕೆ.

ಇನ್ನು ಲಿಸ್ಸಾ. 1866ರ ಜುಲೈ 20, ಏಡ್ರಿಯಾಟಿಕ್ ಸಮುದ್ರ. ಇಟಲಿಯ ಕಡೆ ಹನ್ನೆರಡು ಕವಚದ ಹಡಗು, ಆಸ್ಟ್ರಿಯಾದ ಕಡೆ ಏಳು. ಇಟಲಿಯ ಅಡ್ಮಿರಲ್ ಪೆರ್ಸಾನೊ ಕದನ ಶುರುವಾಗುವ ಹೊತ್ತಿಗೆ ತನ್ನ ಹಡಗು 'ರೆ ದಿತಾಲಿಯಾ' ಬಿಟ್ಟು ಇನ್ನೊಂದಕ್ಕೆ ಹತ್ತಿದ. ಅದು ಅವನ ಹಡಗುಗಳಲ್ಲಿ ಹೆಚ್ಚಿನವಕ್ಕೆ ಗೊತ್ತೇ ಆಗಲಿಲ್ಲ. ಆಸ್ಟ್ರಿಯಾದ ಟೆಗೆಟ್‌ಹಾಫ್ ಬಳಿ ದೊಡ್ಡ ಫಿರಂಗಿ ಕಡಿಮೆ, ಹಾಗಾಗಿ ಹೋರಿ ಹಾಯ್ದಂತೆ ಹಾಯಿರಿ ಅಂತ ತನ್ನವರಿಗೆ ಅಪ್ಪಣೆ ಮಾಡಿದ್ದ. ಹೊಗೆಯಲ್ಲಿ ಹಡಗುಗಳು ಒಂದನ್ನೊಂದು ಹುಡುಕಿ ಗುದ್ದಲು ನೋಡಿದವು. ಹೆಚ್ಚಿನವು ತಪ್ಪಿದವು, ಕೆಲವು ಬರೀ ಸವರಿಕೊಂಡು ಹೋದವು. ಕೊನೆಗೆ ರೆ ದಿತಾಲಿಯಾದ ಚುಕ್ಕಾಣಿ ಮುರಿದು, ಅದು ತಿರುಗಲಾರದೆ ನಿಂತಾಗ ಟೆಗೆಟ್‌ಹಾಫನ 'ಫರ್ಡಿನಾಂಡ್ ಮ್ಯಾಕ್ಸ್' ನೇರವಾಗಿ ಹಾಯಿತು. ಕೆಲವೇ ನಿಮಿಷದಲ್ಲಿ ಹಡಗು ಮುಳುಗಿತು, ಸುಮಾರು ನಾನೂರು ಜನ ಅದರೊಡನೆ ಹೋದರು.

ಆ ಒಂದು ಗುದ್ದನ್ನು ಯುರೋಪಿನ ಎಲ್ಲ ನೌಕಾಪಡೆಗಳೂ ನೋಡಿದವು. ಚುಕ್ಕಾಣಿ ಮುರಿದಿತ್ತು ಅನ್ನುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತಪ್ಪಿಹೋದ ಗುದ್ದುಗಳನ್ನು ಯಾರೂ ಎಣಿಸಲಿಲ್ಲ. ಮುಂದಿನ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿದ ದೊಡ್ಡ ಹಡಗುಗಳ ಮೂತಿಗೆಲ್ಲ ನೀರಿನಡಿಯಲ್ಲಿ ಉಕ್ಕಿನ ಕೊಂಬು ಬಂತು.

ಕೊಂಬಿನಿಂದ ಆದದ್ದೇನು? 1879ರ ಮೇ 21ರಂದು ಇಕಿಕೆ ಬಂದರಿನಲ್ಲಿ ಪೆರುವಿನ 'ಹುವಾಸ್ಕರ್' ಚಿಲಿಯ 'ಎಸ್ಮೆರಾಲ್ಡಾ'ವನ್ನು ಮುಳುಗಿಸಿತು. ಎಸ್ಮೆರಾಲ್ಡಾ ಹಳೆಯ ಮರದ ಹಡಗು, ಅದರ ಬಾಯ್ಲರ್ ಕೆಟ್ಟಿತ್ತು. ಅದಕ್ಕೂ ಮೂರು ಸಲ ಗುದ್ದಬೇಕಾಯಿತು. ಅದೇ ದಿನ ಪೆರುವಿನ ಇನ್ನೊಂದು ಕವಚದ ಹಡಗು 'ಇಂಡಿಪೆಂಡೆನ್ಸಿಯಾ' ಸಣ್ಣದೊಂದು ಹಡಗಿಗೆ ಹಾಯಲು ಬೆನ್ನಟ್ಟಿ ಹೋಗಿ, ತಾನೇ ಬಂಡೆಗೆ ಬಡಿದು ಹಾಳಾಯಿತು. ಉಳಿದಂತೆ ಕೊಂಬು ತಾಗಿದ್ದು ಹೆಚ್ಚಾಗಿ ತಮ್ಮವರಿಗೇ. 1875ರಲ್ಲಿ ಮಂಜಿನಲ್ಲಿ ಬ್ರಿಟನ್ನಿನ 'ಐರನ್ ಡ್ಯೂಕ್' ತನ್ನ ಜೊತೆಯ 'ವ್ಯಾನ್‌ಗಾರ್ಡ್' ಅನ್ನು ಮುಳುಗಿಸಿತು. 1878ರಲ್ಲಿ ಜರ್ಮನಿಯ 'ಕೋನಿಗ್ ವಿಲ್ಹೆಲ್ಮ್' ತನ್ನದೇ 'ಗ್ರೋಸರ್ ಕುರ್‌ಫ್ಯುರ್ಸ್ಟ್'ಗೆ ಹಾಯಿತು, ಇನ್ನೂರೈವತ್ತಕ್ಕೂ ಹೆಚ್ಚು ನಾವಿಕರು ಸತ್ತರು. 1893ರ ಜೂನ್ 22ರಂದು ಲೆಬನಾನಿನ ಟ್ರಿಪೊಲಿ ಎದುರು 'ಕ್ಯಾಂಪರ್‌ಡೌನ್' ಹಡಗು ಬ್ರಿಟಿಷ್ ಮೆಡಿಟರೇನಿಯನ್ ಪಡೆಯ ಮುಖ್ಯ ಹಡಗು 'ವಿಕ್ಟೋರಿಯಾ'ಕ್ಕೆ ಹಾಯಿತು. ಅಡ್ಮಿರಲ್ ಟ್ರೈಯನ್ ಸೇರಿ 358 ಜನ ಹೋದರು. ಯುದ್ಧವೂ ಇಲ್ಲ, ಶತ್ರುವೂ ಇಲ್ಲ, ಆಕಾಶದಲ್ಲಿ ಮೋಡವೂ ಇಲ್ಲ.

ಇತಿಹಾಸದ ಮಾಸ್ತರರು ಇಲ್ಲಿ ಒಂದು ತಕರಾರು ತೆಗೆಯುತ್ತಾರೆ. "ಆಟದಲ್ಲಿ ಹಾಯುವುದು ಕಷ್ಟ ಅಂತ ಬರುವುದು ನಿಯಮ ಬರೆದವನಿಗೆ ಇದೆಲ್ಲ ಗೊತ್ತಿದ್ದದ್ದಕ್ಕೆ. 1870ರಲ್ಲಿ ಬರೆದಿದ್ದರೆ ನಿಮ್ಮ ದಾಳವೂ ಕೊಂಬಿನ ಪರವಾಗಿಯೇ ಬೀಳುತ್ತಿತ್ತು, ರಾವ್‌ಸಾಹೇಬ್." ಮಾತು ನಿಜವೇ. ಆದರೆ ವಿಕ್ಟೋರಿಯಾದ ಕಥೆಗೆ ದಾಳ ಬೇಕಾಗಿಲ್ಲ. ಎರಡು ಸಾಲು ಹಡಗುಗಳು, ನಡುವೆ ಆರು ಕೇಬಲ್ ಅಂತರ, ಅಂದರೆ ಸುಮಾರು 1,100 ಮೀಟರ್. ಎರಡೂ ಸಾಲು ಒಳಮುಖವಾಗಿ ತಿರುಗಬೇಕು. ಪ್ರತಿ ಹಡಗು ಹಿಂದಿರುಗಲು ಮಾಮೂಲಾಗಿ 700 ಮೀಟರಿಗೂ ಹೆಚ್ಚು ಜಾಗ ತಿನ್ನುತ್ತದೆ. ಎರಡು ಬಳೆಗಳನ್ನು ನೆಲದ ಮೇಲೆ ಸರಿಸಿ ನೋಡಿದ ಮಗುವಿಗೂ ಗೊತ್ತಾಗುತ್ತದೆ. ಕಡೇ ಪಕ್ಷ ಎಂಟು ಕೇಬಲ್ ಬೇಕು ಅಂತ ಅಧಿಕಾರಿಯೊಬ್ಬ ಹೇಳಿದ್ದ, ಟ್ರೈಯನ್ ಹೂಂ ಅಂದಿದ್ದ, ಆಮೇಲೆ ಆರೇ ಸಾಕು ಅಂದ. ದೊಡ್ಡವರು ಹೇಳಿದ ಮೇಲೆ ಸರಿಯೇ ಇರಬೇಕು ಅಂತ ಉಳಿದವರು ಸುಮ್ಮನಾದರು. ಮರುವರ್ಷ, 1894ರಲ್ಲಿ, ಲೇರ್ಡ್ ಕ್ಲೋಸ್ ಎಂಬ ಬರಹಗಾರ ಅಲ್ಲಿಯವರೆಗಿನ ಹಾಯುವಿಕೆಗಳನ್ನೆಲ್ಲ ಎಣಿಸಿ ಹೇಳಿದ: ಚುಕ್ಕಾಣಿ ಸರಿಯಿದ್ದು ಓಡಾಡಲು ಜಾಗವಿರುವ ಹಡಗಿಗೆ ಹಾಯುವುದು ಹೆಚ್ಚುಕಡಿಮೆ ಆಗದ ಕೆಲಸ. ಆಮೇಲೂ ಕೊಂಬುಗಳು ಬಂದವು.

ಗೆಲುವಿನ ಕಥೆಗೆ ಇಂಥ ಶಕ್ತಿ ಇದೆ. ಇದು ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಕಡೆಯ ಒಂದೊಂದು ಊರಿನಿಂದ ಅಷ್ಟು ಹುಡುಗರು ಮುಂಬಯಿ ಬಸ್ಸು ಹತ್ತಿದ್ದು ಹೇಗೆ? ಯಾರೋ ಒಬ್ಬರು ಹೋಟೆಲಿನಲ್ಲಿ ಲೋಟ ತೊಳೆದು, ಹತ್ತಾರು ವರ್ಷದಲ್ಲಿ ಮಾಲೀಕರಾಗಿ, ಬಿಳಿ ಅಂಗಿ ತೊಟ್ಟು ಊರ ಜಾತ್ರೆಗೆ ಬಂದಿದ್ದರು. ಅವರ ಕಥೆ ಸುಳ್ಳಲ್ಲ, ಫರ್ಡಿನಾಂಡ್ ಮ್ಯಾಕ್ಸ್ ಹಾಯ್ದದ್ದೂ ಸುಳ್ಳಲ್ಲ. ಆದರೆ ಅದೇ ಹೋಟೆಲಿನ ಅಟ್ಟದ ಮೇಲೆ ಮಲಗಿ, ರಾತ್ರಿ ಶಾಲೆಗೆ ನಾಲ್ಕು ದಿನ ಹೋಗಿ, ಕೆಮ್ಮು ಹಿಡಿಸಿಕೊಂಡು ವಾಪಸ್ ಹೋದವರು ಜಾತ್ರೆಯಲ್ಲಿ ಎದ್ದು ಕಾಣುವುದಿಲ್ಲ.

ಹೋದ ಬೇಸಿಗೆಯಲ್ಲಿ ತಂಗಿಯ ಮಗ ಊರಿಂದ ಬಂದಿದ್ದ. ತೋಟ ಕೊಟ್ಟು ಆ ದುಡ್ಡಲ್ಲಿ ಇಲ್ಲಿ ಹೋಟೆಲ್ ಹಾಕಬೇಕು ಅಂತ ಅವನ ಆಸೆ. ನಮ್ಮ ಆಟ ನೋಡಿ, "ಮಾವ, ಇದೆಂತ ಮಾರಾಯ್ರೆ, ಮುಗಿದ ಯುದ್ಧ ಮತ್ತೆ ಮತ್ತೆ ಮಾಡುದು?" ಅಂದ. ಲಿಸ್ಸಾ ಹಾಸಿ ಆಸ್ಟ್ರಿಯಾದ ಕಡೆ ಅವನನ್ನೇ ಕೂರಿಸಿದೆ. ಮೂರು ಸಲ ಹಾಯಲು ಹೋಗಿ ಮೂರು ಸಲವೂ ತಪ್ಪಿದ. "ಪುಸ್ತಕದಲ್ಲಿ ಗೆದ್ದಿದ್ದಾರಲ್ಲ?" ಅಂತ ಕೇಳಿದ. ತೋಟದ ವಿಷಯ ನಾನು ಎತ್ತಲಿಲ್ಲ. ಹೋಟೆಲ್ ಹಾಕಿ ಮುಚ್ಚಿದ ಇಬ್ಬರ ವಿಳಾಸ ಮಾತ್ರ ಬರೆದು ಕೊಟ್ಟೆ. ಮಾಲೀಕರನ್ನು ಅವನು ಹೇಗೂ ನೋಡಿಯೇ ನೋಡುತ್ತಾನೆ, ಇವರನ್ನೂ ನೋಡಿ ಬರಲಿ ಅಂತ. ಈಗ ಊರಿನಲ್ಲೇ ಇದ್ದಾನೆ, ತೋಟವೂ ಇದೆ. ಮುಂದೆ ಏನು ಮಾಡುತ್ತಾನೋ ನೋಡಬೇಕು.

ಈ ಕಬ್ಬಿಣದ ಹಡಗುಗಳ ಕಥೆ ಮುಂಬಯಿಗೂ ಬಂದಿತ್ತು ಅನ್ನುವುದು ಆಟಕ್ಕೆ ಕೂತ ಮೇಲೆ ನನಗೆ ತಿಳಿದದ್ದು. ಮೊದಲು ಇಲ್ಲಿನ ವಾಡಿಯಾ ಮನೆತನದವರು ತೇಗದ ಹಡಗು ಕಟ್ಟುತ್ತಿದ್ದರು. ಅದಕ್ಕೆ ಮಲಬಾರ್ ಮತ್ತು ಕೆನರಾ ಕಾಡುಗಳ ಮರ ಬರುತ್ತಿತ್ತು. ನಾವು ಬರುವ ಮೊದಲೇ ನಮ್ಮ ಕಡೆಯ ಮರ ಮುಂಬಯಿಗೆ ಬಂದಿತ್ತು ಅನ್ನಿ. ಕಬ್ಬಿಣ ಬಂದ ಮೇಲೆ ಆ ಕಸುಬಿಗೆ ಪೆಟ್ಟು ಬಿತ್ತು. 1870ರಲ್ಲಿ ಇಂಗ್ಲೆಂಡಿನಲ್ಲಿ ಎರಡು ಹಡಗು ನೀರಿಗಿಳಿದವು, 'ಮ್ಯಾಗ್ಡಲಾ' ಮತ್ತು 'ಅಬಿಸೀನಿಯಾ'. ಮುಂಬಯಿಯಿಂದಲೇ ಹೊರಟು 1868ರಲ್ಲಿ ಅಬಿಸೀನಿಯಾದ ಮ್ಯಾಗ್ಡಲಾ ಕೋಟೆ ಹಿಡಿದ ದಂಡಯಾತ್ರೆಯ ನೆನಪಿನ ಹೆಸರುಗಳು. ಎರಡೂ ಮಾನಿಟರ್‌ನ ವಂಶದವು: ಗಿಡ್ಡ ಮೈ, ಎರಡು ತಿರುಗುವ ಗೋಪುರ, ನಾಲ್ಕು 10 ಇಂಚಿನ ಫಿರಂಗಿ. ಮುಂಬಯಿ ಬಂದರು ಕಾಯಲೆಂದೇ, ಭಾರತದ ಬೊಕ್ಕಸದ ದುಡ್ಡಿನಿಂದ ಅವನ್ನು ಕಟ್ಟಿಸಿದ್ದು. ಮೂವತ್ತು ವರ್ಷ ಇಲ್ಲೇ ಲಂಗರು ಹಾಕಿ ನಿಂತಿದ್ದವು. ಆಗಾಗ ಗುಂಡಿನ ಅಭ್ಯಾಸ, ಅಷ್ಟೇ. ರಷ್ಯಾದವರು ಬರುತ್ತಾರೆ ಅಂತ ಭಯ ಹುಟ್ಟಿದ್ದುಂಟು, ಯಾರೂ ಬರಲಿಲ್ಲ. ಒಂದು ಕದನವನ್ನೂ ಕಾಣದೆ 1903-04ರಲ್ಲಿ ಎರಡೂ ಮಾರಾಟವಾದವು. ಮ್ಯಾಗ್ಡಲಾದ ಅಕ್ಕನಂತಿದ್ದ 'ಸೆರ್ಬರಸ್'ನ ತುಕ್ಕು ಹಿಡಿದ ಒಡಲು ಇಂದಿಗೂ ಆಸ್ಟ್ರೇಲಿಯಾದ ಮೆಲ್ಬರ್ನ್ ಬಳಿ ನೀರಿನಲ್ಲಿ ಕಾಣುತ್ತದೆ.

ಮ್ಯಾಗ್ಡಲಾದ ಹಾಳೆಯನ್ನೂ ನಾವು ಮಾಡಿಕೊಂಡಿದ್ದೇವೆ. ಆದರೆ ಅದನ್ನು ಆಡುವುದು ಹೇಗೆ? ಎದುರಿಗೆ ಯಾರನ್ನು ನಿಲ್ಲಿಸುವುದು? ಅದು ಇದ್ದದ್ದಕ್ಕೇ ಶತ್ರು ಬರಲಿಲ್ಲವೋ, ಅದು ಇಲ್ಲದಿದ್ದರೂ ಬರುತ್ತಿರಲಿಲ್ಲವೋ, ಯಾವ ದಾಳವೂ ಹೇಳುವುದಿಲ್ಲ. ಗೆದ್ದ ಹಡಗಿನ ಕಥೆ ಇದೆ, ಮುಳುಗಿದ ಹಡಗಿನ ಕಥೆಯೂ ಇದೆ. ನಿಂತು ಕಾದ ಹಡಗಿಗೆ ಕಥೆ ಇಲ್ಲ. ಈ ಊರಿಗೆ ಬಂದ ನಮ್ಮವರಲ್ಲಿ ಬಹಳ ಮಂದಿ ಅಂಥವರೇ. ಬೆಳಿಗ್ಗೆ ಲೋಕಲ್ ಹತ್ತಿ, ಸಂಜೆ ಇಳಿದು, ತಿಂಗಳಿಗೊಮ್ಮೆ ಊರಿಗೆ ಮನಿಯಾರ್ಡರ್ ಕಳಿಸಿ, ಒಂದು ದಿನ ನಿವೃತ್ತರಾದವರು. ಗೇಟ್‌ವೇಯಿಂದ ಎಲಿಫೆಂಟಾ ದೋಣಿ ಹತ್ತಿದಾಗ, ಜೊತೆಗೆ ಊರಿನವರಿದ್ದರೆ, ಬಂದರಿನ ಕಡೆ ಕೈ ತೋರಿಸಿ ಆ ಎರಡು ಹಡಗುಗಳ ಹೆಸರು ಹೇಳುತ್ತೇನೆ. "ಅವು ಎಂತ ಮಾಡಿದ್ವು?" ಅಂತ ಕೇಳುತ್ತಾರೆ. "ಮೂವತ್ತು ವರ್ಷ ಇಲ್ಲಿ ಇದ್ದವು" ಅನ್ನುತ್ತೇನೆ.