ಅಳಿಸಿ ಬರೆದ ಲೆಕ್ಕ

ಸರ್ಕಾರಿ ಕಚೇರಿಗಳಲ್ಲಿ ಕಡತ ಎಂಬ ಮಾತನ್ನು ಕೇಳದವರಿಲ್ಲ. ಆದರೆ ಒಂದು ಕಾಲದಲ್ಲಿ ಕಡತವೆಂದರೆ ಕಾಗದದ ಕಟ್ಟಲ್ಲ, ಬಟ್ಟೆ. ನಮ್ಮ ನಾಡಿನ ವರ್ತಕರು ಹುಣಿಸೆಬೀಜದ ಸರಿಯಲ್ಲಿ ಇದ್ದಿಲಪುಡಿ ಕಲಸಿ, ಹತ್ತಿಬಟ್ಟೆಯ ಎರಡು ಮಗ್ಗುಲಿಗೂ ಬಳಿದು ಒಣಗಿಸುತ್ತಿದ್ದರು. ಬೀಜ ಅಡಿಗೆಮನೆಯಲ್ಲಿ ಎಸೆಯುವಂಥದು. ಇದ್ದಿಲು ಒಲೆಯಲ್ಲಿ ಉಳಿಯುವಂಥದು. ಆ ಕರಿಯ ಬಟ್ಟೆಯನ್ನು ಕತ್ತರಿಸದೆ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆಯುವುದು. ಬಾಕಿ ತೀರಿತೆನ್ನಿ, ಚಿಂದಿಯಿಂದ ಒರಸಿ ಅದೇ ಜಾಗದಲ್ಲಿ ಹೊಸ ಲೆಕ್ಕ!

ಮೈಸೂರಿನಲ್ಲಿ ರೆಸಿಡೆಂಟರ ಕೆಲಸ ನೋಡಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಹೊರಬಂದ ತನ್ನ ಇತಿಹಾಸ ಗ್ರಂಥದಲ್ಲಿ ಕಡತದ ಅಳತೆಯನ್ನೂ ಕೊಟ್ಟಿದ್ದಾನೆ: ಅಗಲ 8 ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ. ಅವನ ಕಾಲಕ್ಕೂ ಅಂಗಡಿಯವರು ಅದನ್ನು ಬಿಟ್ಟಿರಲಿಲ್ಲ.

ಈ ಜಾಣತನವನ್ನು ನಾನು ತರಗತಿಯಲ್ಲಿ ಹೊಗಳುತ್ತ ಬಂದವನೇ. ಆದರೆ ಹಳೆಯ ಬರಹಗಳನ್ನು ಹುಡುಕಿ ಹೊರಟಾಗ ಹೊಗಳಿಕೆ ಗಂಟಲಲ್ಲೇ ನಿಲ್ಲುತ್ತದೆ. ಶೃಂಗೇರಿ ಮಠದ ಕಡತಗಳು ಉಳಿದುವು. ಮಠಕ್ಕೆ ದಾಖಲೆ ಬೇಕಾಗಿತ್ತು, ಕಾಪಾಡಿತು. ಅಂಗಡಿಯವನಿಗೆ ಬೇಕಾದುದು ನಾಳೆಯ ಲೆಕ್ಕಕ್ಕೆ ಜಾಗ. ಅವನು ಒರಸಿದುದು ಬರಿಯ ಬಳಪದ ಗೆರೆಯೆ? ಮೆಣಸಿನ ಧಾರಣೆ, ಎಣ್ಣೆಯ ಅಳತೆ, ಕಡ ಕೊಂಡವನ ಹೆಸರು, ಆ ಹೆಸರನ್ನು ಆಗಿನ ಬಾಯಿ ಹೇಗೆ ನುಡಿಯುತ್ತಿತ್ತೋ ಹಾಗೆಯೇ ಬರೆದ ಕನ್ನಡ. ತಪ್ಪು ಅವನದಲ್ಲ, ಸಾಲ ತೀರಿಸಿದವನಂತೂ ತನ್ನ ಹೆಸರು ಅಳಿಸಿದ್ದನ್ನು ಕಣ್ಣಾರೆ ಕಂಡೇ ಮನೆಗೆ ಹೋಗಿರಬೇಕು.