ದೋಷವೆಲ್ಲಿದೆ?

(ಬಾನುಲಿ ಭಾಷಣ)

ನಡುಮನೆಯಲ್ಲಿ ಟೆಲಿವಿಷನ್ನಿನ ಕೆಳಗೆ ಪುಸ್ತಕದಷ್ಟೇ ಗಾತ್ರದ ಒಂದು ಕಂಪ್ಯೂಟರು. ಮನೆಯವರು ಕೂಡಿಟ್ಟ ಹಾಡು, ಚಲನಚಿತ್ರ, ಮದುವೆ ಮುಂಜಿಗಳ ಛಾಯಾಚಿತ್ರ ಎಲ್ಲವೂ ಒಳಕೋಣೆಯ ಇನ್ನೊಂದು ಯಂತ್ರದಲ್ಲಿವೆ. ಅವನ್ನು ಅಲ್ಲಿಂದ ತರಿಸಿಕೊಂಡು, ಬೇಕೆಂದಾಗ ಹೊರಗಿನ ಜಾಲದಿಂದಲೂ ತರಿಸಿಕೊಂಡು, ತೆರೆಯ ಮೇಲೆ ಮೂಡಿಸುವುದು ಈ ಪುಟ್ಟ ಯಂತ್ರದ ಕೆಲಸ. ಒಂದು ಸಂಜೆ ಎಲ್ಲರೂ ನೋಡುತ್ತ ಕುಳಿತಿರುವಾಗ ಚಿತ್ರ ನಿಂತುಬಿಡುತ್ತದೆ. ತೆರೆಯ ನಡುವೆ ಸಣ್ಣ ಚಕ್ರವೊಂದು ತಿರುಗತೊಡಗುತ್ತದೆ. ತಂದೆ ಟೆಲಿವಿಷನ್ನನ್ನು ಶಂಕಿಸುತ್ತಾರೆ. ಮಗನೇ ಏನನ್ನೋ ಒತ್ತಿ ಕೆಡಿಸಿದನೆಂದು ತಾಯಿ ಹೇಳುತ್ತಾರೆ. ಮಗ ಜಾಲಸಂಪರ್ಕ ಕೊಟ್ಟ ಕಂಪೆನಿಯನ್ನು ದೂರುತ್ತಾನೆ. ಮೂವರಿಗೂ ಕಾಣುತ್ತಿರುವುದು ನಿಂತ ಚಿತ್ರವೊಂದೇ. ಏಕೆ ನಿಂತಿತೆಂಬುದು ಯಾರ ಕಣ್ಣಿಗೂ ಬೀಳದು. ಕಣ್ಣಿಗೆ ಬೀಳದ ಈ ದೋಷವನ್ನು ಹುಡುಕುವ ವಿದ್ಯೆಗೂ ಒಂದು ಇತಿಹಾಸವಿದೆ. ಇಂದು ನಾನು ಹೇಳಹೊರಟಿರುವುದು ಆ ಇತಿಹಾಸವನ್ನು.

ಮನೆಯ ಮನರಂಜನೆಯನ್ನೆಲ್ಲ ಕಂಪ್ಯೂಟರಿನ ವಶಕ್ಕೆ ಒಪ್ಪಿಸುವ ಪ್ರಯತ್ನ ಬಲಗೊಂಡದ್ದು 2002ರ ಸುಮಾರಿಗೆ. ಮೈಕ್ರೋಸಾಫ್ಟ್ ಕಂಪೆನಿ ತನ್ನ ವಿಂಡೋಸ್ ಎಕ್ಸ್‌ಪಿಯ 'ಮೀಡಿಯಾ ಸೆಂಟರ್' ಆವೃತ್ತಿಯನ್ನು ಹೊರತಂದದ್ದು ಆ ವರ್ಷ. ಐಸಾಕ್ ರಿಚರ್ಡ್ಸ್ ಎಂಬುವರು ಮಿತ್‌ಟಿವಿಯನ್ನು ಬರೆಯಲಾರಂಭಿಸಿದ್ದೂ ಅದೇ ವರ್ಷ. ಆಟದ ಯಂತ್ರವಾದ ಎಕ್ಸ್‌ಬಾಕ್ಸಿನಲ್ಲಿ ಚಿತ್ರಗಳನ್ನು ನೋಡಲು ಕೆಲವು ಹವ್ಯಾಸಿಗಳು ಹೆಣೆದ ಕ್ರಮವಿಧಿ ಎಕ್ಸ್‌ಬಿಎಂಸಿ ಎಂಬ ಹೆಸರಿನಿಂದ ಬೆಳೆದು, 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. ಮೈಕ್ರೋಸಾಫ್ಟ್ ತನ್ನ ಮೀಡಿಯಾ ಸೆಂಟರನ್ನು 2015ರಲ್ಲಿ ವಿಂಡೋಸ್ 10ರೊಡನೆ ಕೈಬಿಟ್ಟಿತು; ಹವ್ಯಾಸಿಗಳ ಕೋಡಿ ಉಳಿದುಕೊಂಡಿತು. ಅಂದಿನಿಂದ ಗೃಹಸ್ಥನೊಬ್ಬ ತಿಳಿದೋ ತಿಳಿಯದೆಯೋ ಒಂದು ಪುಟ್ಟ ಜಾಲದ ಒಡೆಯನಾದನು. ಒಡೆತನದೊಡನೆ ಅದರ ದುರಸ್ತಿಯೂ ಅವನ ಪಾಲಿಗೆ ಬಂದಿತು.

ದೋಷ ಹುಡುಕುವವನ ಕೈಯ ಮೊದಲ ಉಪಕರಣದ ಹೆಸರು 'ಪಿಂಗ್'. ಇದನ್ನು ರಚಿಸಿದವರು ಅಮೆರಿಕದ ಮೈಕ್ ಮೂಸ್, ಮೇರಿಲೆಂಡಿನಲ್ಲಿದ್ದ ಸೈನ್ಯದ ಸಂಶೋಧನಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದವರು. 1983ರ ಡಿಸೆಂಬರಿನಲ್ಲಿ ಅಲ್ಲಿನ ಜಾಲ ವಿಚಿತ್ರವಾಗಿ ವರ್ತಿಸತೊಡಗಿತು. ಒಂದು ಯಂತ್ರದಿಂದ ಇನ್ನೊಂದಕ್ಕೆ ಚಿಕ್ಕದೊಂದು ಕರೆ ಕಳುಹಿಸಿ, ಮರುದನಿ ಬರಲು ಹಿಡಿದ ಸಮಯವನ್ನು ಅಳೆದರೆ ದೋಷದ ಸುಳಿವು ಸಿಕ್ಕೀತೆಂದು ಮೂಸ್ ಯೋಚಿಸಿದರು. ಸಮುದ್ರದಾಳದ ನೌಕೆಗಳನ್ನು ಪತ್ತೆಹಚ್ಚುವ ಸೋನಾರಿನ ಸದ್ದೇ ಆ ಹೆಸರಿಗೆ ಮೂಲ. ರಾತ್ರಿಯಿಡೀ ಕುಳಿತು ಬರೆದು ಬೆಳಗಾಗುವ ಮೊದಲೇ ಅದನ್ನು ಸಿದ್ಧಗೊಳಿಸಿದರು. ವಿನೋದವೇನೆಂದರೆ, ಅವರ ಮೊದಲ ಕರೆ ಹೊರಡುವಷ್ಟರಲ್ಲಿ ಸಹೋದ್ಯೋಗಿಯೊಬ್ಬರು ಕೆಟ್ಟಿದ್ದ ಯಂತ್ರಭಾಗವನ್ನು ಕಂಡುಹಿಡಿದು ಸರಿಪಡಿಸಿಯೇಬಿಟ್ಟಿದ್ದರು! ಯಾವ ತೊಡಕಿಗಾಗಿ ಹುಟ್ಟಿತೋ ಆ ತೊಡಕಿಗೆ ಒದಗದ ಪಿಂಗ್, ಆಮೇಲೆ ಜಗತ್ತಿನ ಅಸಂಖ್ಯ ತೊಡಕುಗಳಿಗೆ ಒದಗಿತು.

ಮೂಸ್ ತಾವು ಕೇಳಿದ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಒಂದು ಕಚೇರಿಯ ಜಾಲ ಆಗಾಗ ಕಡಿದುಹೋಗುತ್ತಿತ್ತು. ಯಾವ ಕೊಂಡಿ ಸಡಿಲವೆಂದು ತಿಳಿಯದು. ಅಲ್ಲಿನ ಮೇಲ್ವಿಚಾರಕ, ಮರುದನಿ ಬಂದಾಗಲೆಲ್ಲ ಕಂಪ್ಯೂಟರು 'ಪಿಂಗ್' ಎಂದು ಗಟ್ಟಿಯಾಗಿ ಕೂಗುವಂತೆ ಏರ್ಪಡಿಸಿ, ಕಟ್ಟಡದ ತುಂಬ ಓಡಾಡುತ್ತ ಒಂದೊಂದೇ ಕೊಂಡಿಯನ್ನು ಅಲುಗಾಡಿಸಿದನು. ಎಲ್ಲಿ ಕೂಗು ನಿಂತಿತೋ ಅಲ್ಲಿ ದೋಷವಿತ್ತು. ಮಾತು ನಿಂತ ಜಾಗದಲ್ಲೇ ಸತ್ಯ ಸಿಕ್ಕಿತೆನ್ನಬೇಕು. ಮೂಸ್ 2000ದ ನವೆಂಬರಿನಲ್ಲಿ ವಾಹನ ಅಪಘಾತದಲ್ಲಿ ತೀರಿಕೊಂಡರು.

ಆದರೆ ಎಲ್ಲ ದೋಷಗಳೂ ಸಡಿಲ ಕೊಂಡಿಯಂತೆ ಒಂದು ಸ್ಥಳದಲ್ಲಿ ಇರುವುದಿಲ್ಲ. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೂ ನಡುವಣ ಸಂಪರ್ಕ ಕುಸಿಯಿತು. ಎರಡರ ನಡುವಣ ದೂರ ಸುಮಾರು 400 ಗಜ. ಸೆಕೆಂಡಿಗೆ 32,000 ಬಿಟ್ಟುಗಳಷ್ಟಿದ್ದ ಹರಿವು 40 ಬಿಟ್ಟಿಗೆ ಇಳಿದುಹೋಯಿತು. ನಡೆದುಹೋಗಿ ಕೈಯಾರೆ ಕೊಟ್ಟು ಬರುವುದೇ ಲೇಸೆನ್ನುವ ಸ್ಥಿತಿ! ವ್ಯಾನ್ ಜೇಕಬ್‌ಸನ್ ಎಂಬ ವಿಜ್ಞಾನಿ ಇದನ್ನು ಪರಿಶೀಲಿಸಿದಾಗ ಕಂಡದ್ದೇನು? ಯಾವ ಯಂತ್ರವೂ ಕೆಟ್ಟಿರಲಿಲ್ಲ. ದಾರಿ ಕಿಕ್ಕಿರಿದು ಕೆಲವು ಪೊಟ್ಟಣಗಳು ಬಿದ್ದುಹೋಗುತ್ತಿದ್ದವು; ಬಿದ್ದವನ್ನು ಕಳುಹಿಸುವ ಯಂತ್ರಗಳು ಅವಸರದಿಂದ ಮತ್ತೆ ಮತ್ತೆ ಕಳುಹಿಸುತ್ತಿದ್ದವು; ಅದರಿಂದ ದಾರಿ ಇನ್ನಷ್ಟು ಕಿಕ್ಕಿರಿಯುತ್ತಿತ್ತು. 1988ರಲ್ಲಿ ಅವರು ಮೈಕೆಲ್ ಕ್ಯಾರಲ್ಸ್ ಅವರ ಸಹಕಾರದೊಡನೆ ಪ್ರಕಟಿಸಿದ ಪರಿಹಾರ ಸಂಯಮದ ಪಾಠದಂತಿದೆ: ಮೆಲ್ಲಗೆ ಆರಂಭಿಸು, ಪೊಟ್ಟಣ ಕಳೆದುಹೋದರೆ ದಾರಿ ತುಂಬಿದೆಯೆಂದು ತಿಳಿ, ಕೂಡಲೇ ವೇಗ ತಗ್ಗಿಸು. ನಷ್ಟವೇ ಎಚ್ಚರಿಕೆಯ ಸಂಕೇತವಾಯಿತು.

ಈ ಮಾತನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದಿನ ಕಥೆ ನಿಂತಿರುವುದು ಅದರ ಮೇಲೆಯೇ.

ಕಾಲ ಕಳೆದಂತೆ ಸ್ಮರಣಕೋಶಗಳ ಬೆಲೆ ಇಳಿಯಿತು. ಮನೆಗಳಿಗೆ ಮೋಡೆಮ್ಮು, ರೂಟರುಗಳನ್ನು ಮಾಡಿಕೊಡುವವರು ಒಂದು ಸದುದ್ದೇಶದ ಕೆಲಸ ಮಾಡಿದರು. ಪೊಟ್ಟಣ ಕಳೆದುಹೋಗುವುದು ಕೆಟ್ಟದ್ದಲ್ಲವೇ? ಹಾಗಾದರೆ ದಾರಿ ತೆರವಾಗುವವರೆಗೆ ಅವನ್ನು ಕಾಯಿಸಲು ಯಂತ್ರದೊಳಗೆ ದೊಡ್ಡ ಉಗ್ರಾಣವಿರಲಿ ಎಂದು ಬಗೆದರು. ಈ ಉಗ್ರಾಣಕ್ಕೆ ಬಫರ್ ಎಂದು ಹೆಸರು. ಪರಿಣಾಮ ಬೇರೆಯೇ ಆಯಿತು. ಏನೂ ಕಳೆದುಹೋಗದಿದ್ದುದರಿಂದ ಕಳುಹಿಸುವ ಯಂತ್ರಕ್ಕೆ ಎಚ್ಚರಿಕೆ ತಲಪಲಿಲ್ಲ. ದಾರಿ ತೆರವಿದೆಯೆಂದೇ ನಂಬಿ ಅದು ಇನ್ನೂ ವೇಗವಾಗಿ ತುಂಬಿತು. ಉಗ್ರಾಣದಲ್ಲಿ ಸಾಲು ಬೆಳೆಯಿತು. ಹಿಂದೆ ಬಂದ ಪ್ರತಿಯೊಂದು ಪೊಟ್ಟಣವೂ, ಎಷ್ಟೇ ಚಿಕ್ಕದಿರಲಿ, ಎಷ್ಟೇ ತುರ್ತಿನದಿರಲಿ, ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಯಿತು.

ಇದನ್ನು ಹೊರಗೆಡಹಿದ್ದು ಮನೆಯೊಂದರಲ್ಲೇ ಎಂಬುದು ಗಮನಾರ್ಹ. ಜಿಮ್ ಗೆಟ್ಟಿಸ್ ಹಳಬರಾದ ಕಂಪ್ಯೂಟರ್ ತಜ್ಞರು. ಎಕ್ಸ್ ವಿಂಡೋ ಎಂಬ ವ್ಯವಸ್ಥೆಯ ನಿರ್ಮಾತೃಗಳಲ್ಲಿ ಒಬ್ಬರು. 2010ರಲ್ಲಿ ಬೆಲ್ ಪ್ರಯೋಗಾಲಯದಲ್ಲಿದ್ದ ಅವರು, ಮನೆಯಿಂದ ದೊಡ್ಡ ಕಡತಗಳನ್ನು ಹೊರಗೆ ಕಳುಹಿಸುವಾಗ ಜಾಲವೆಲ್ಲ ಮಂದವಾಗುವುದನ್ನು ಅಳೆದು ನೋಡಿದರು. ಕೆಲವೇ ಮಿಲಿಸೆಕೆಂಡುಗಳಲ್ಲಿ ಬರಬೇಕಾದ ಮರುದನಿ ಒಂದು ಸೆಕೆಂಡಿಗೂ ಮೀರಿ ತಡವಾಗುತ್ತಿತ್ತು. ಈ ದೋಷದ ಸ್ವಭಾವವೇ ವಂಚನೆಯದು: ಹುಡುಕುವವನು ತನ್ನ ಕೆಲಸ ನಿಲ್ಲಿಸಿ ಪರೀಕ್ಷಿಸಲು ಹೋದರೆ ಸಾಲು ಕರಗಿ, ದೋಷವೂ ಮಾಯವಾಗುತ್ತದೆ. ಗೆಟ್ಟಿಸ್ ತಮ್ಮ ಅಳತೆಗಳನ್ನು ಇತರ ತಜ್ಞರ ಮುಂದಿಟ್ಟರು. ಅವರಲ್ಲಿ ಜೇಕಬ್‌ಸನ್ನರೂ ಇದ್ದರು. ಬಫರಿನ ಈ ಊತಕ್ಕೆ ಗೆಟ್ಟಿಸ್ ಕೊಟ್ಟ ಹೆಸರು 'ಬಫರ್‌ಬ್ಲೋಟ್'. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್‌ಸನ್ ಸೇರಿ 'ಕೋಡೆಲ್' ಎಂಬ ಪರಿಹಾರವನ್ನು ಪ್ರಕಟಿಸಿದರು. ಪೊಟ್ಟಣಗಳು ಸಾಲಿನಲ್ಲಿ ಬಹಳ ಹೊತ್ತು ಕಾಯುತ್ತಿವೆಯೆಂದು ಕಂಡಾಗ ಅದು ಬೇಕೆಂದೇ ಕೆಲವನ್ನು ಬೀಳಿಸಿಬಿಡುತ್ತದೆ. ಸಕಾಲದ ಸಣ್ಣ ನಷ್ಟ, ಕಳುಹಿಸುವವನಿಗೆ ಸಕಾಲದ ಎಚ್ಚರಿಕೆ.

ಇನ್ನೊಂದು ಬಗೆಯ ತೊಡಕು 2017ರದು. ಆ ವರ್ಷದ ಮೇ ತಿಂಗಳಲ್ಲಿ 'ವಾನಾಕ್ರೈ' ಎಂಬ ಪಿಡುಗು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳಿಗೆ ತಗುಲಿತು. ಯಂತ್ರಗಳ ನಡುವೆ ಕಡತ ಹಂಚಿಕೊಳ್ಳುವ ಎಸ್‌ಎಂಬಿ ಎಂಬ ಒಡಂಬಡಿಕೆಯ ಮೊದಲ ಆವೃತ್ತಿಯಲ್ಲಿದ್ದ ಬಿರುಕಿನಿಂದ ಅದು ಹರಡಿತು. ಹೊಸ ವಿಂಡೋಸಿನಲ್ಲಿ ಆ ಹಳೆಯ ಆವೃತ್ತಿ ತಾನಾಗಿ ಬರುವುದು ಅದೇ ವರ್ಷದ ಅಕ್ಟೋಬರಿನಿಂದ ನಿಂತಿತು. ಆದರೆ ಹಳೆಯ ಮೀಡಿಯಾ ಯಂತ್ರಗಳಿಗೆ ತಿಳಿದಿದ್ದುದು ಆ ಹಳೆಯ ಮಾತೊಂದೇ. ನಿನ್ನೆಯವರೆಗೆ ತೆರೆದಿದ್ದ ಹಾಡಿನ ಭಂಡಾರ ಹಲವು ಮನೆಗಳಲ್ಲಿ ಕಾಣದಾಯಿತು. ಅದು ಯಾರ ತಪ್ಪೂ ಅಲ್ಲ. ಕಳ್ಳನಿಗೆ ಮುಚ್ಚಿದ ಬಾಗಿಲಿನ ಹೊರಗೆ ನೆಂಟನೂ ನಿಂತ.

ಈಗ ನಮ್ಮ ನಡುಮನೆಗೆ ಮರಳೋಣ. ಮೊದಲು ಕೇಳಬೇಕಾದದ್ದು: ನಿಂತ ಚಿತ್ರ ಮನೆಯೊಳಗಿನದೋ ಹೊರಗಿನದೋ? ಈ ಒಂದು ಪ್ರಶ್ನೆ ದಾರಿಯನ್ನು ಎರಡಾಗಿ ಸೀಳುತ್ತದೆ. ಒಳಗಿನದಾದರೆ ತಂತಿ, ವೈಫೈ, ಕಡತ ಹಂಚುವ ಒಡಂಬಡಿಕೆ ಇವನ್ನು ನೋಡಬೇಕು. 2.4 ಗಿಗಾಹರ್ಟ್ಸಿನ ವೈಫೈಗೆ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅಡ್ಡಿಮಾಡಬಲ್ಲದು, ಏಕೆಂದರೆ ಎರಡರ ಅಲೆಗಳೂ ಹೆಚ್ಚುಕಡಿಮೆ ಒಂದೇ. ಹೊರಗಿನದಾದರೆ ಪಿಂಗನ್ನು ಮೊದಲು ರೂಟರಿಗೆ, ಆಮೇಲೆ ಹೊರಗಿನ ಯಂತ್ರವೊಂದಕ್ಕೆ ಕಳುಹಿಸಬೇಕು. ಮೊದಲನೆಯ ಮರುದನಿ ಬೇಗ ಬಂದು ಎರಡನೆಯದು ಮಾತ್ರ ತಡವಾದರೆ, ಮನೆಯ ಯಾವುದಾದರೊಂದು ಫೋನು ಸದ್ದಿಲ್ಲದೆ ತನ್ನ ಛಾಯಾಚಿತ್ರಗಳನ್ನೆಲ್ಲ ಹೊರಗೆ ಸಾಗಿಸುತ್ತಿದೆಯೇ ಎಂದು ವಿಚಾರಿಸುವುದು ಒಳಿತು. ತಂದೆ ಶಂಕಿಸಿದ ಟೆಲಿವಿಷನ್ ಆಗ ನಿರ್ದೋಷಿ, ಮಗನೂ ನಿರ್ದೋಷಿ. ತಂದೆಯ ಜೇಬಿನ ಫೋನೇ ಮೂಲವಾಗಿರಬಹುದು!

ಚಿತ್ರ ನಿಂತ ಕೂಡಲೇ ನಾವು ಹುಡುಕುವುದು ಅಪರಾಧಿಯನ್ನು. ಈ ಮೂರುನಾಲ್ಕು ದಶಕಗಳ ಇತಿಹಾಸ ಹೇಳುವುದಾದರೂ ಏನು? ದೋಷ ಹಲವು ಸಲ ಯಾವ ಯಂತ್ರದಲ್ಲಿಯೂ ಇರುವುದಿಲ್ಲ, ಯಂತ್ರಗಳ ನಡುವಣ ವ್ಯವಹಾರದಲ್ಲಿರುತ್ತದೆ. ಏನೂ ನಷ್ಟವಾಗದಿರಲೆಂಬ ಒಳ್ಳೆಯ ಆಸೆಯಿಂದಲೇ ಎಚ್ಚರಿಕೆಯ ದನಿ ಉಡುಗಿಹೋಗುವುದುಂಟು. ಬೈಯುವ ಮೊದಲು ಅಳೆಯಬೇಕು. ಅಳೆಯುವ ಮೊದಲು ಒಂದು ಕರೆ ಕಳುಹಿಸಿ, ಮರುದನಿಗಾಗಿ ತಾಳ್ಮೆಯಿಂದ ಕಾಯಬೇಕು. ಇದು ಕಂಪ್ಯೂಟರಿಗೆ ಸಲ್ಲುವಷ್ಟೇ ಅದರ ಸುತ್ತ ಕುಳಿತ ಮನೆಮಂದಿಗೂ ಸಲ್ಲುವ ಮಾತು.