ಎರಡನೆಯ ಸಾಲಿನವರು

1996ರ ಬೇಸಿಗೆಯಲ್ಲಿ ತಂಗಿಯ ಬಾಣಂತನಕ್ಕೆಂದು ನಾನು ಅಮೆರಿಕಕ್ಕೆ ಹೋದೆ. ಅಮ್ಮ ಇದ್ದಿದ್ದರೆ ಅವಳೇ ಹೋಗುತ್ತಿದ್ದಳು. ಅಮ್ಮ ಇರಲಿಲ್ಲ, ಮನೆಗೆ ಹಿರಿಯ ಮಗಳು ನಾನು. ಮೇಲಾಗಿ ನನಗೆ ರಜೆಯಿತ್ತು. ರಜೆ ಎಂದರೆ ಸಂಬಳದ ರಜೆ ಎಂದು ತಿಳಿಯಬೇಡಿ. ನಾನಾಗ ಒಂದು ಕಾಲೇಜಿನಲ್ಲಿ ಇತಿಹಾಸದ ಅರೆಕಾಲಿಕ ಉಪನ್ಯಾಸಕಿ. ಪಾಠ ಮುಗಿದ ದಿನವೇ ನಮ್ಮ ಸಂಬಳವೂ ಮುಗಿಯುತ್ತಿತ್ತು. ಕಾಲೇಜು ಮತ್ತೆ ತೆರೆದಾಗ ಹೊಸ ಅರ್ಜಿ, ಹೊಸ ಆದೇಶ, ಹೊಸದಾಗಿ ಕೈಮುಗಿಯುವುದು. ಎಂಟು ವರ್ಷ ಹೀಗೇ ನಡೆದಿತ್ತು. ಟಿಕೆಟ್ಟು ತಂಗಿಯ ಗಂಡನೇ ಕಳಿಸಿದ. ಶುಂಠಿ ಲೇಹ್ಯ, ಮೆಂತ್ಯದ ಪುಡಿ, ಹರಳೆಣ್ಣೆ, ಸಾಂಬ್ರಾಣಿ ಕಟ್ಟಿಕೊಂಡು ಹೊರಟೆ.

ಅವರ ಊರು ಬ್ಯಾಟನ್ ರೂಜ್. ಲೂಸಿಯಾನ ರಾಜ್ಯದ ರಾಜಧಾನಿ, ಮಿಸಿಸಿಪ್ಪಿ ನದಿಯ ದಂಡೆ. ಸೆಕೆ ನೋಡಿದರೆ ಮಂಗಳೂರಿಗೇ ಬಂದೆನೇನೋ ಎನ್ನಿಸಬೇಕು. ಬೀದಿಯ ಅರ್ಧ ಮನೆಗಳ ಮುಂದೆ ನೇರಳೆ ಮತ್ತು ಹೊಂಬಣ್ಣದ ಬಾವುಟ. ಯಾವುದೋ ಪಕ್ಷದ್ದಿರಬೇಕು, ಚುನಾವಣೆ ಹತ್ತಿರವಿದೆ ಎಂದುಕೊಂಡೆ. ಅಲ್ಲವಂತೆ. ಅಲ್ಲಿಯ ವಿಶ್ವವಿದ್ಯಾಲಯದ, ಎಲ್ಲರೂ ಎಲ್‌ಎಸ್‌ಯು ಎನ್ನುವ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯ ಬಣ್ಣವಂತೆ. ಹುಡುಗರ ಬೇಸ್‌ಬಾಲ್ ತಂಡ ನೆಬ್ರಾಸ್ಕ ರಾಜ್ಯದ ಒಮಾಹಾ ಎಂಬ ಊರಿಗೆ ಕಾಲೇಜುಗಳ ರಾಷ್ಟ್ರೀಯ ಪಂದ್ಯಕ್ಕೆ ಹೋಗಿತ್ತು. ಆ ಪಂದ್ಯ 1950ರಿಂದ ಅದೇ ಊರಿನಲ್ಲಿ ನಡೆಯುತ್ತದೆ. ನಮ್ಮ ಜಾತ್ರೆಗಳ ಹಾಗೆ, ಸ್ಥಳ ಬದಲಾಗುವಂತಿಲ್ಲ.

ಜೂನ್ 8, ಶನಿವಾರ. ಮಗುವಿಗೆ ಎಣ್ಣೆಸ್ನಾನ ಮಾಡಿಸಿ ಸಾಂಬ್ರಾಣಿ ಹಾಕಿದ್ದೆ. ಹೊಗೆಗೆ ಗೋಡೆಯ ಮೇಲಿನ ಗಂಟೆ ಬಡಿದುಕೊಂಡು, ತಂಗಿಯ ಗಂಡ ಕುರ್ಚಿ ಹತ್ತಿ ಅದನ್ನು ಬಾಯಿ ಮುಚ್ಚಿಸಿ, ಆಮೇಲೆ ನಾವೆಲ್ಲ ಟಿ.ವಿ. ಮುಂದೆ ಕೂತೆವು. ಫೈನಲ್. ಎಲ್‌ಎಸ್‌ಯುಗೆ ಎದುರಾಗಿ ಮಯಾಮಿ. ಆಟ ನನಗೆ ತಿಳಿಯದು. ಚೆಂಡು ಹೊಡೆದು ಓಡುವುದು, ನಾಲ್ಕು ಮೂಲೆಯನ್ನೂ ಮುಟ್ಟಿ ಮನೆಗೆ ಬರುವುದು, ಇಷ್ಟು ಅರ್ಥವಾಯಿತು. ಮನೆಗೆ ಬಂದರೆ ಒಂದು ರನ್. ಮೂವರು ಔಟಾದರೆ ಸರದಿ ಮುಗಿಯಿತು. ಕೊನೆಯ ಸರದಿ, ಇಬ್ಬರು ಔಟಾಗಿದ್ದಾರೆ, 8-7ರಲ್ಲಿ ನಮ್ಮವರು ಹಿಂದೆ, ಮೂರನೆಯ ಮೂಲೆಯಲ್ಲಿ ಒಬ್ಬ ನಿಂತಿದ್ದಾನೆ. ಆಗ ಬಂದವನು ವಾರೆನ್ ಮಾರಿಸ್ ಎಂಬ ಹುಡುಗ. ಕೈಯ ಸಣ್ಣ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ, ಆ ವರ್ಷದ ಎಷ್ಟೋ ಪಂದ್ಯಗಳನ್ನು ಬೆಂಚಿನ ಮೇಲೆ ಕೂತು ಕಳೆದಿದ್ದವನು. ಆ ವರ್ಷ ಒಂದು ಸಲವೂ ಚೆಂಡನ್ನು ಬೇಲಿಯಾಚೆಗೆ ಹೊಡೆದಿರಲಿಲ್ಲ. ಬಂದ ಮೊದಲ ಚೆಂಡನ್ನೇ ಹೊಡೆದ. ಅದು ಬಲಗಡೆಯ ಬೇಲಿ ದಾಟಿ ಬಿತ್ತು. 9-8. ಇಡೀ ಬೀದಿ ಕೂಗಿತು. ಮಗು ಬೆಚ್ಚಿಬಿದ್ದು ಅತ್ತಿತು.

ನನ್ನ ಕಣ್ಣು ಮಾತ್ರ ಮೈದಾನದ ಪಕ್ಕದಲ್ಲಿ ನಿಂತಿದ್ದವರ ಮೇಲಿತ್ತು. ಈ ಆಟದಲ್ಲಿ ಒಂದು ವಿಚಿತ್ರವಿದೆ. ತರಬೇತುದಾರರಲ್ಲಿ ಇಬ್ಬರು ಗೆರೆಯ ಪಕ್ಕದಲ್ಲೇ ನಿಲ್ಲುತ್ತಾರೆ, ಒಬ್ಬರು ಮೊದಲ ಮೂಲೆಯಲ್ಲಿ, ಇನ್ನೊಬ್ಬರು ಮೂರನೆಯದರಲ್ಲಿ. ಮೂರನೆಯ ಮೂಲೆಯವರು ಕಿವಿ ಮುಟ್ಟಿ, ಟೋಪಿ ಮುಟ್ಟಿ, ಎದೆ ಸವರಿ ಸನ್ನೆ ಮಾಡುತ್ತಾರೆ. ಓಡುವವನು ಚೆಂಡು ಎಲ್ಲಿದೆಯೆಂದು ಹಿಂತಿರುಗಿ ನೋಡುತ್ತ ಕೂರುವಂತಿಲ್ಲ. ಅವರ ಕೈ ನೋಡಿ ಓಡಬೇಕು, ಇಲ್ಲವೇ ನಿಲ್ಲಬೇಕು. "ಇವರೆಲ್ಲ ಯಾರಪ್ಪ?" ಎಂದೆ. "ಕೋಚುಗಳು ಅಕ್ಕ. ದೊಡ್ಡವರು ಸ್ಕಿಪ್ ಬರ್ಟ್‌ಮನ್" ಎಂದ ತಂಗಿಯ ಗಂಡ. "ಮಿಕ್ಕವರ ಹೆಸರು?" ಅವನು ತಲೆ ಕೆರೆದುಕೊಂಡ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇತಿಹಾಸ ಓದಿದವರ ಚಾಳಿ. ಅಲ್ಲಿದ್ದಷ್ಟು ದಿನ ಪತ್ರಿಕೆಗಳನ್ನು ಓದಿದೆ, ಮುಂದೆಯೂ ಸಿಕ್ಕಿದ್ದನ್ನು ಓದುತ್ತ ಬಂದೆ.

ಬರ್ಟ್‌ಮನ್ ಅವರೇ ಬಹುಕಾಲ ಎರಡನೆಯ ಸಾಲಿನಲ್ಲಿ ಇದ್ದವರು. ಹನ್ನೊಂದು ವರ್ಷ ಮಯಾಮಿ ಬೀಚಿನ ಹೈಸ್ಕೂಲಿನಲ್ಲಿ ಹುಡುಗರನ್ನು ತಯಾರು ಮಾಡಿದರು. 1976ರಿಂದ ಎಂಟು ವರ್ಷ ಮಯಾಮಿ ವಿಶ್ವವಿದ್ಯಾಲಯದಲ್ಲಿ ರಾನ್ ಫ್ರೇಸರ್ ಅವರ ಕೈಕೆಳಗೆ ಸಹಾಯಕರು. ಫ್ರೇಸರ್ ದೇಣಿಗೆ ಎತ್ತುವುದರಲ್ಲಿ, ಜನ ಸೇರಿಸುವುದರಲ್ಲಿ ಎತ್ತಿದ ಕೈ. 1982ರಲ್ಲಿ ಮಯಾಮಿ ಮೊದಲ ಬಾರಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ದಾಖಲೆಗೆ ಹೋದದ್ದು ಅವರ ಹೆಸರು. ಆದರೆ ಆ ವರ್ಷದ ಒಂದು ಪ್ರಸಂಗವನ್ನು ಜನ ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಅದರ ತಲೆ ಬರ್ಟ್‌ಮನ್ ಅವರದು. ಎದುರಾಳಿ ವಿಚಿಟಾ ಸ್ಟೇಟ್ ತಂಡದಲ್ಲಿ ಫಿಲ್ ಸ್ಟೀಫನ್‌ಸನ್ ಎಂಬ ಮಹಾ ಓಟಗಾರನಿದ್ದ. ಮೊದಲ ಮೂಲೆಯಿಂದ ಎರಡನೆಯದಕ್ಕೆ ಕಣ್ಣುತಪ್ಪಿಸಿ ಓಡುವುದರಲ್ಲಿ ನಿಸ್ಸೀಮ. ಅವನು ಮೊದಲ ಮೂಲೆಯಲ್ಲಿದ್ದಾಗ ಮಯಾಮಿಯ ಚೆಂಡೆಸೆಯುವವನು ಅತ್ತ ಎಸೆದಂತೆ ನಟಿಸಿದ, ಎಸೆಯಲಿಲ್ಲ. ಮೂಲೆ ಕಾಯುವವನು ಚೆಂಡು ತಪ್ಪಿಹೋದಂತೆ ನೆಲಕ್ಕೆ ಬಿದ್ದ. ಎಲ್ಲರೂ ಇಲ್ಲದ ಚೆಂಡಿನ ಹಿಂದೆ ಓಡಿದರು. ಬ್ಯಾಟು ಎತ್ತಿಕೊಡುವ ಹುಡುಗಿಯರು ಕೂಡ ಎದ್ದು, ಚೆಂಡು ತಮ್ಮತ್ತ ಬಂತೆಂಬಂತೆ ಕೂಗಿದರು. ಸ್ಟೀಫನ್‌ಸನ್ ಎದ್ದು ಓಡಿದ. ಚೆಂಡು ಎರಡನೆಯ ಮೂಲೆಯಲ್ಲಿ ಅವನಿಗಾಗಿ ಕಾದಿತ್ತು. ಪಂದ್ಯ 4-3ರಲ್ಲಿ ಮಯಾಮಿಯದಾಯಿತು. ಆ ಹುಡುಗಿಯರ ಹೆಸರುಗಳನ್ನು ಯಾರಾದರೂ ಬರೆದಿಟ್ಟಿದ್ದಾರೆಯೇ ಎಂದು ಹುಡುಕಿದೆ. ಸಿಗಲಿಲ್ಲ.

1984ರ ಋತುವಿಗೆ ಬರ್ಟ್‌ಮನ್ ಎಲ್‌ಎಸ್‌ಯುಗೆ ಮುಖ್ಯಸ್ಥರಾಗಿ ಬಂದರು. 2001ರವರೆಗೆ ಇದ್ದರು. 1991, 1993, 1996, 1997, 2000, ಐದು ಸಲ ಗೆದ್ದರು. ಅವರೊಬ್ಬರೇ ಗೆದ್ದರೆಂದು ಪುಸ್ತಕಗಳು ಬರೆಯುತ್ತವೆ. ಜೊತೆಗೆ ಯಾರಿದ್ದರು? ಮೊದಲ ಹತ್ತು ವರ್ಷ ಸ್ಮೋಕ್ ಲವಾಲ್. ಎಂಬತ್ತರ ದಶಕದ ಕೊನೆಗೆ ಜಿಮ್ ವೆಲ್ಸ್. 1993ರಿಂದ 97ರವರೆಗೆ, ಮೊದಲು ಅಲ್ಲಿಯೇ ಆಟಗಾರನಾಗಿದ್ದ ಮೈಕ್ ಬಿಯಾಂಕೊ. ಈ ಜಿಮ್ ವೆಲ್ಸ್ ಮುಂದೆ ಅಲಬಾಮಾದ ಮುಖ್ಯಸ್ಥರಾದರು. 1997ರ ಮೇ ತಿಂಗಳಲ್ಲಿ ಅವರ ಹುಡುಗರು ಹಳೆಯ ಗುರುವಿನ ತಂಡವನ್ನು 28-2ರಿಂದ ಸೋಲಿಸಿದರು. ಇಪ್ಪತ್ತೆಂಟು! ಮರುತಿಂಗಳೇ ಒಮಾಹಾದ ಫೈನಲ್‌ನಲ್ಲಿ ಇಬ್ಬರೂ ಎದುರುಬದುರು. ಗುರು 13-6ರಿಂದ ಗೆದ್ದರು. ಲವಾಲ್ ಅವರದು ಬೇರೆ ಕಥೆ. ಹೊರಗೆ ಹೋಗಿ ಮರಳಿ ಬಂದು, 2002ರಿಂದ ಬರ್ಟ್‌ಮನ್ ಅವರ ಕುರ್ಚಿಯಲ್ಲಿ ಕೂತರು. ಎರಡು ಸಲ ತಂಡವನ್ನು ಒಮಾಹಾಕ್ಕೆ ಒಯ್ದರು. ಅಷ್ಟು ಸಾಲದಾಯಿತು. 2006ರಲ್ಲಿ ಬಿಟ್ಟುಹೋಗಬೇಕಾಯಿತು. ದೊಡ್ಡ ಅತ್ತೆ ಆಳಿದ ಮನೆಗೆ ಯಜಮಾನಿಯಾಗುವ ಕಷ್ಟ ಬಲ್ಲ ಹೆಂಗಸರು ಇದನ್ನು ಓದುತ್ತಿದ್ದರೆ ಹೆಚ್ಚು ವಿವರಿಸಬೇಕಾಗಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಬಳದ ಸಂಗತಿ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ಎಂಬ ಸಂಸ್ಥೆ ಖರ್ಚು ತಗ್ಗಿಸಲೆಂದು ಒಂದು ನಿಯಮ ಮಾಡಿ, 1992ರಿಂದ ಜಾರಿಗೆ ತಂದಿತ್ತು. ಸಹಾಯಕರಲ್ಲಿ ಒಬ್ಬರಿಗೆ ವರ್ಷಕ್ಕೆ 16,000 ಡಾಲರಿಗಿಂತ ಹೆಚ್ಚು ಕೊಡಕೂಡದು: ಓದಿನ ತಿಂಗಳುಗಳಿಗೆ 12,000, ಬೇಸಿಗೆಗೆ 4,000. ಅನುಭವ ಎಷ್ಟಿದ್ದರೂ ಅಷ್ಟೇ. ಮನೆಮಂದಿ ಸಾಕುವ ನಡುವಯಸ್ಸಿನವರೂ ಆ ಹುದ್ದೆಯಲ್ಲಿದ್ದರು. ಬಾಸ್ಕೆಟ್‌ಬಾಲ್ ಸಹಾಯಕರು ಕೋರ್ಟಿಗೆ ಹೋದರು, ಬೇರೆ ಆಟದವರೂ ಹೋದರು. 1995ರಲ್ಲಿ ಕೋರ್ಟು ಅವರ ಪರವಾಗಿ ಹೇಳಿತು. 1999ರಲ್ಲಿ 5 ಕೋಟಿ 45 ಲಕ್ಷ ಡಾಲರಿಗೆ ರಾಜಿಯಾಯಿತು. ಇಷ್ಟಾದರೂ ಬೇಸ್‌ಬಾಲ್‌ನಲ್ಲಿ 'ಸ್ವಯಂಸೇವಕ ಕೋಚ್' ಎಂಬ ಒಂದು ಹುದ್ದೆ ಉಳಿದೇ ಇತ್ತು. ಕೆಲಸ ಎಲ್ಲರಷ್ಟೇ, ಸಂಬಳವಿಲ್ಲ. ಬೇಸಿಗೆಯಲ್ಲಿ ಮಕ್ಕಳ ಶಿಬಿರ ನಡೆಸಿ ದುಡಿದುಕೊಳ್ಳಬಹುದು, ಅಷ್ಟೆ. ಆ ಹುದ್ದೆ ಹೋದದ್ದು 2023ರ ಜುಲೈ ಒಂದರಂದು.

ಹದಿನಾರು ಸಾವಿರದ ವಿಷಯ ಮೊದಲು ಓದಿದ ದಿನ ನನಗೆ ನಗು ಬಂತು. ನನಗೆ ಕೊಡುತ್ತಿದ್ದುದನ್ನು ಡಾಲರಿಗೆ ಲೆಕ್ಕ ಹಾಕಿ ನೋಡಿ ನಗು ನಿಂತಿತು. ನಮ್ಮ ವಿಭಾಗದ ಮುಖ್ಯಸ್ಥರು ತಾಲ್ಲೂಕಿನ ವೀರಗಲ್ಲುಗಳ ಮೇಲೆ ಪುಸ್ತಕ ಬರೆದಿದ್ದರು. ಎರಡು ಬೇಸಿಗೆ ಬಸ್ಸಿನಲ್ಲಿ ಊರೂರು ಅಲೆದು, ಕಲ್ಲಿನ ಹಾವಸೆ ತೊಳೆದು, ಸೀಮೆಸುಣ್ಣ ತೀಡಿ ಅಕ್ಷರ ಓದಿ ಬರೆದುಕೊಂಡವಳು ನಾನು. ಪುಸ್ತಕ ಬಂತು, ಬಿಡುಗಡೆಯಾಯಿತು, ಶಾಲು ಹೊದಿಸಿದರು. ಮುನ್ನುಡಿಯಲ್ಲಿ ಮುದ್ರಕರಿಗೆ, ಕರಡು ತಿದ್ದಿದವರಿಗೆ, 'ವಿದ್ಯಾರ್ಥಿಮಿತ್ರರಿಗೆ' ಕೃತಜ್ಞತೆಯಿತ್ತು. ಅವರು ಕೆಟ್ಟವರಲ್ಲ, ನನ್ನ ಆದೇಶಪತ್ರಕ್ಕಾಗಿ ಪ್ರತಿ ವರ್ಷ ಪ್ರಾಂಶುಪಾಲರಿಗೆ ಹೇಳುತ್ತಿದ್ದವರೂ ಅವರೇ. ಆ ಋಣದಿಂದಾಗಿಯೇ ನಾನು ಬಾಯಿ ತೆರೆಯಲಿಲ್ಲ. 1999ರಲ್ಲಿ ಕಾಲೇಜು ಬಿಟ್ಟು ಹೈಸ್ಕೂಲು ಸೇರಿದೆ. ಅಮೆರಿಕದ ರಾಜಿಗೂ ಇದಕ್ಕೂ ಸಂಬಂಧ ಹುಡುಕಬೇಡಿ. ಮಗಳ ಫೀಸು ಕಟ್ಟಬೇಕಾಗಿತ್ತು.

ಹೆಂಗಸರು ಈ ಸಾಲಿನಲ್ಲಿ ಇಲ್ಲವೇ ಎಂದು ನೀವು ಕೇಳಬಹುದು. ಜಸ್ಟೀನ್ ಸೀಗಲ್ ಎಂಬಾಕೆ 2008ರಿಂದ 2010ರವರೆಗೆ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನ ಗಂಡುಹುಡುಗರ ತಂಡಕ್ಕೆ ಸಹಾಯಕ ಕೋಚ್ ಆಗಿದ್ದರು. ಅದೂ ಎರಡನೆಯ ಸಾಲೇ. ಬಾಗಿಲು ತೆರೆದರೆ ಮೊದಲು ಸಿಗುವುದು ಜಗಲಿ ತಾನೆ.

2022ರ ಜೂನ್ ಕೊನೆಗೆ ಒಂದು ಬೆಳಿಗ್ಗೆ ಫೋನು ಬಂತು. ಸಾಂಬ್ರಾಣಿ ಹೊಗೆಗೆ ಸೀನಿದ್ದ ಆ ಮಗು, ಈಗ ಇಪ್ಪತ್ತಾರರ ಹುಡುಗ. "ದೊಡ್ಡಮ್ಮ, ನೀನು ಹೇಳ್ತಿದ್ದೆಯಲ್ಲ ಬಿಯಾಂಕೊ, ಅವರು ಗೆದ್ದರು." ಬಿಯಾಂಕೊ 2001ರಿಂದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಮುಖ್ಯಸ್ಥರು. ಆ ವರ್ಷ ಅವರ ತಂಡ ಪಂದ್ಯಾವಳಿಗೆ ಆಯ್ಕೆಯಾದದ್ದೇ ಕಟ್ಟಕಡೆಯದಾಗಿ. ಗೆದ್ದದ್ದು ಪೂರ್ತಿ ಪ್ರಶಸ್ತಿ. ಸಹಾಯಕರಾಗಿ ಮೂರು ಸಲ ಆ ಗೆಲುವು ನೋಡಿದವರಿಗೆ ಮುಖ್ಯಸ್ಥರಾಗಿ ಅದು ಮೊದಲನೆಯದು.

ಫೋನು ಇಟ್ಟವಳು ಅಟ್ಟದಿಂದ ಟ್ರಂಕು ಇಳಿಸಿದೆ. 1996ರ ಪತ್ರಿಕೆಯ ತುಣುಕು ವೀರಗಲ್ಲಿನ ನೋಟುಪುಸ್ತಕಗಳ ನಡುವೆ ಇತ್ತು. ಅಂಚಿನಲ್ಲಿ ತಂಗಿಯ ಗಂಡ, ನನ್ನ ಕಾಟ ತಾಳಲಾರದೆ, ಯಾರನ್ನೋ ಕೇಳಿ ಸಹಾಯಕರ ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದ. ಬಿಯಾಂಕೊ ಎನ್ನುವುದನ್ನು 'ಬೈಯಾಂಕೊ' ಮಾಡಿದ್ದ. ಪೆನ್ಸಿಲು ತಂದು ತಿದ್ದಿದೆ.